ಕ್ರೈಸ್ತರಲ್ಲದ ನನ್ನ ತಂದೆಗೆ ಸ್ವರ್ಗವಿಲ್ಲ ಎಂದು ಕ್ಯಾಥೊಲಿಕ್ ಧರ್ಮಸಭೆ ನಿಜವಾಗಿಯೂ ಹೇಳುತ್ತದೆಯೇ?

ನಿಮ್ಮ ಪ್ರಶ್ನೆ ಓದಿ ಸಂಕಟವಾಯಿತು. ಹೆಂಡತಿ ಕ್ಯಾಥೊಲಿಕ್, ನೀವು ಅಲ್ಲ. ಹೋದ ವರ್ಷ ನಿಮ್ಮ ತಂದೆ ತೀರಿಕೊಂಡರು. ಹೆಂಡತಿಯ ಕಡೆಯ ಹಿರಿಯರೊಬ್ಬರು, ದೀಕ್ಷಾಸ್ನಾನ (ಕ್ರೈಸ್ತರಾಗುವಾಗ ನೀರಿನಿಂದ ಮಾಡುವ ಸಂಸ್ಕಾರ) ಆಗದವರಿಗೆ ಸ್ವರ್ಗವಿಲ್ಲ ಅಂದುಬಿಟ್ಟರು. ಇದು ಅವರ ಮಾತೋ, ಚರ್ಚಿನ ಮಾತೋ ಅಂತ ಕೇಳಿದ್ದೀರಿ. ನಾನು ಹುಟ್ಟಿನಿಂದ ಕ್ಯಾಥೊಲಿಕ್. ಭಾನುವಾರ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತೇನೆ. ನೇರವಾಗಿ ಹೇಳುತ್ತೇನೆ: ಅದು ಚರ್ಚಿನ ಬೋಧನೆ ಅಲ್ಲ.

ಹಾಗಂತ ಆ ಹಿರಿಯರು ಸುಮ್ನೆ ಬಾಯಿಗೆ ಬಂದದ್ದು ಹೇಳಿದರು ಅನ್ನುವಂತಿಲ್ಲ. "ಧರ್ಮಸಭೆಯ ಹೊರಗೆ ರಕ್ಷಣೆಯಿಲ್ಲ" ಎಂಬ ಮಾತು ಬಹಳ ಹಳೆಯದು. ಧರ್ಮಸಭೆ ಅಂದರೆ ಚರ್ಚು, ರಕ್ಷಣೆ ಅಂದರೆ ಉದ್ಧಾರವಾಗಿ ಸ್ವರ್ಗ ಸೇರುವುದು. 3ನೇ ಶತಮಾನದಲ್ಲಿ ಕಾರ್ತೇಜಿನ ಬಿಷಪ್ ಸಿಪ್ರಿಯನ್ ಬರೆದದ್ದು. ಅವರು ಹೇಳುತ್ತಿದ್ದದ್ದು ಸಭೆಯಿಂದ ಒಡೆದುಕೊಂಡು ಹೋಗಿ ಬೇರೆ ಗುಂಪು ಕಟ್ಟಿದ ಕ್ರೈಸ್ತರ ಬಗ್ಗೆ. ಮನೆ ಬಿಟ್ಟು ಹೊರಟ ಮಕ್ಕಳಿಗೆ ಕೊಟ್ಟ ಎಚ್ಚರಿಕೆ ಅದು. ಆ ಮನೆಯ ಹೊಸಿಲನ್ನೇ ನೋಡದವರ ವಿಚಾರ ಅಲ್ಲಿ ಬಂದೇ ಇರಲಿಲ್ಲ.

ಆಮೇಲಾಮೇಲೆ ಅದೇ ಮಾತು ಗಟ್ಟಿಯಾಗುತ್ತಾ ಹೋಯಿತು. 1442ರಲ್ಲಿ ಫ್ಲಾರೆನ್ಸ್ ಮಹಾಸಭೆಯ (ಬಿಷಪ್ಪರೆಲ್ಲ ಸೇರಿ ನಡೆಸುವ ಸಭೆ) ಒಂದು ದಾಖಲೆ, ಸಾಯುವ ಮುಂಚೆ ಧರ್ಮಸಭೆಗೆ ಸೇರದ ಅನ್ಯಧರ್ಮೀಯರು, ಯೆಹೂದ್ಯರು ನಿತ್ಯ ಬೆಂಕಿಗೆ ಹೋಗುತ್ತಾರೆ ಎಂದು ಬಿಡಿಸಿ ಬರೆಯಿತು. ಇದನ್ನು ಮುಚ್ಚಿಟ್ಟು ನಿಮಗೆ ಉತ್ತರ ಕೊಡಲು ನನಗೆ ಮನಸ್ಸಿಲ್ಲ. ಆ ಕಾಲದ ಯೂರೋಪಿನವರು ಯೇಸುವಿನ ಶುಭಸಂದೇಶ ಹೆಚ್ಚುಕಡಿಮೆ ಎಲ್ಲರಿಗೂ ಮುಟ್ಟಿದೆ, ಒಪ್ಪದವರು ಬೇಕಂತಲೇ ಒಪ್ಪುತ್ತಿಲ್ಲ ಅಂದುಕೊಂಡಿದ್ದರು. 50 ವರ್ಷ ಕಳೆಯಿತು. 1492ರಲ್ಲಿ ಕೊಲಂಬಸ್ ಅಮೆರಿಕದ ಕಡೆಯ ದ್ವೀಪಗಳನ್ನು ಮುಟ್ಟಿದ. ಯೇಸುವಿನ ಹೆಸರನ್ನೇ ಕೇಳದೆ ತಲೆಮಾರುಗಟ್ಟಲೆ ಬದುಕಿ ಸತ್ತ ಜನ ಅಲ್ಲಿದ್ದರು. ಅವರದೇನು ತಪ್ಪು? ಈ ಪ್ರಶ್ನೆ ಚರ್ಚಿನ ಪಂಡಿತರ ನಿದ್ದೆ ಕೆಡಿಸಿತು.

ಉತ್ತರ ಒಂದೇ ದಿನಕ್ಕೆ ಬರಲಿಲ್ಲ. 1547ರಲ್ಲಿ ಟ್ರೆಂಟ್ ಮಹಾಸಭೆ ದೀಕ್ಷಾಸ್ನಾನ ಬೇಕು, ಇಲ್ಲವೇ ಅದರ ಬಯಕೆಯಾದರೂ ಬೇಕು ಎಂದಿತು. ಆ "ಬಯಕೆ" ಎಂಬ ಪದ ಬಾಗಿಲನ್ನು ಕೊಂಚ ತೆರೆಯಿತು. 1863ರಲ್ಲಿ ಪೋಪ್ 9ನೇ ಪಿಯುಸ್ ಇನ್ನೂ ಸ್ಪಷ್ಟವಾಗಿ ಬರೆದರು: ತನ್ನ ತಪ್ಪಿಲ್ಲದೆ ಸತ್ಯ ತಿಳಿಯದೇ ಹೋದವನನ್ನು ದೇವರು ನಿತ್ಯ ಶಿಕ್ಷೆಗೆ ಗುರಿಮಾಡುವುದಿಲ್ಲ.

ಇಲ್ಲಿ ಒಂದು ಘಟನೆ ಹೇಳಲೇಬೇಕು. 1940ರ ದಶಕದಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಲಿಯೊನಾರ್ಡ್ ಫೀನಿ ಎಂಬ ಯೇಸುಸಭೆಯ (ಜೆಸ್ಯೂಟ್ ಸಂಘದ) ಪಾದ್ರಿ ಇದ್ದರು. ಕ್ಯಾಥೊಲಿಕರಲ್ಲದವರಿಗೆ ರಕ್ಷಣೆ ಇಲ್ಲವೇ ಇಲ್ಲ ಎಂದು ಹಟ ಹಿಡಿದರು. ನಿಮ್ಮ ಹಿರಿಯರ ವಾದವೇ. 1949ರಲ್ಲಿ ರೋಮಿನಿಂದ, ಅಂದರೆ ಪೋಪರ ಆಡಳಿತದಿಂದ, ಬಾಸ್ಟನ್ ಆರ್ಚ್‌ಬಿಷಪ್ಪರಿಗೆ ಪತ್ರ ಬಂತು: ಧರ್ಮಸಭೆಯ ಸದಸ್ಯನಾಗಿಯೇ ಇರಬೇಕೆಂದಿಲ್ಲ, ದೇವರು ಬಯಸಿದಂತೆ ಬದುಕಬೇಕೆಂಬ ಮನಸ್ಸಿನೊಳಗೇ ಧರ್ಮಸಭೆಗೆ ಸೇರುವ ಬಯಕೆ ಅಡಗಿರಬಹುದು ಎಂದು. ಫೀನಿ ಒಪ್ಪಲಿಲ್ಲ. ರೋಮಿಗೆ ಬರಹೇಳಿದರೂ ಹೋಗಲಿಲ್ಲ. 1953ರಲ್ಲಿ ಅವರನ್ನು ಬಹಿಷ್ಕರಿಸಿದರು. ಬಾಗಿಲು ಮುಚ್ಚಿದೆ ಎಂದು ಕೂಗುತ್ತಿದ್ದವರೇ ಬಾಗಿಲ ಹೊರಗೆ ನಿಲ್ಲುವಂತಾಯಿತು. 1972ರಲ್ಲಿ ಮತ್ತೆ ಸೇರಿಸಿಕೊಂಡರು ಅನ್ನಿ.

ಆಮೇಲೆ ಬಂದದ್ದು 2ನೇ ವ್ಯಾಟಿಕನ್ ಮಹಾಸಭೆ. 1964ರ ನವೆಂಬರ್‌ನಲ್ಲಿ ಹೊರಬಂದ ಅದರ "ಲೂಮೆನ್ ಜೆನ್‌ಸಿಯುಮ್" ಎಂಬ ದಾಖಲೆಯ 16ನೇ ಭಾಗವನ್ನು ನಿಮ್ಮ ಹೆಂಡತಿಗೆ ತೋರಿಸಿ. ತಮ್ಮ ತಪ್ಪಿಲ್ಲದೆ ಕ್ರಿಸ್ತನನ್ನೂ ಧರ್ಮಸಭೆಯನ್ನೂ ಅರಿಯದವರು, ಆದರೂ ಪ್ರಾಮಾಣಿಕವಾಗಿ ದೇವರನ್ನು ಹುಡುಕುತ್ತಾ, ಕೃಪೆಯ ಬಲದಿಂದ ಮನಸ್ಸಾಕ್ಷಿಗೆ ತಕ್ಕಂತೆ ನಡೆಯಲು ಯತ್ನಿಸುವವರು ರಕ್ಷಣೆ ಪಡೆಯಬಹುದು ಎಂದು ಅದು ಹೇಳುತ್ತದೆ. "ಪಡೆಯಬಹುದು" ಅಂತ, "ಪಡೆದೇ ಪಡೆಯುತ್ತಾರೆ" ಅಂತ ಅಲ್ಲ. ಆ ಗ್ಯಾರಂಟಿ ಕ್ಯಾಥೊಲಿಕರಿಗೂ ಇಲ್ಲ. ಎರಡೇ ಭಾಗ ಹಿಂದೆ, ಧರ್ಮಸಭೆಯಲ್ಲಿ ಮೈ ಇಟ್ಟು ಮನಸ್ಸಿಡದ, ಪ್ರೀತಿಯಲ್ಲಿ ನೆಲೆ ನಿಲ್ಲದ ಕ್ಯಾಥೊಲಿಕನಿಗೆ ರಕ್ಷಣೆಯಿಲ್ಲ ಎಂದು ಖಡಾಖಂಡಿತವಾಗಿ ಬರೆದಿದೆ. ನಮ್ಮವರು ಅದನ್ನು ಓದುವುದು ಕಡಿಮೆ.

ಈಗ ನೀವು ಕೇಳಬಹುದು: "ನಮ್ಮಪ್ಪನಿಗೆ ಯೇಸುವಿನ ಬಗ್ಗೆ ಗೊತ್ತಿತ್ತಲ್ವಾ? ಸೊಸೆಯೇ ಕ್ಯಾಥೊಲಿಕ್. ಹಾಗಿದ್ದರೆ 'ಅರಿಯದವರು' ಹೇಗಾಗುತ್ತಾರೆ?" ಇದೇ ಕಷ್ಟದ ಪ್ರಶ್ನೆ. ಹೆಸರು ಕೇಳುವುದು ಬೇರೆ, ಇದೇ ನಿಜ ಎಂದು ಮನಸ್ಸಿಗೆ ನಾಟುವುದು ಬೇರೆ. ಮಹಾಸಭೆ ಎಚ್ಚರಿಸುವುದು ಧರ್ಮಸಭೆ ಬೇಕೇಬೇಕು ಎಂದು ತಿಳಿದೂ ಒಲ್ಲೆ ಎಂದವರನ್ನು. ಪೋಪ್ 2ನೇ ಜಾನ್ ಪಾಲ್ 1990ರಲ್ಲಿ ಇದನ್ನು ಇನ್ನಷ್ಟು ಬಿಡಿಸಿದರು. ಬೆಳೆದ ಸಮಾಜ, ಸಂಸ್ಕೃತಿ, ಬೇರೆ ಧರ್ಮದ ಸಂಸ್ಕಾರಗಳಿಂದಾಗಿ ಶುಭಸಂದೇಶವನ್ನು ಒಪ್ಪಿಕೊಳ್ಳಲು ಅವಕಾಶವೇ ಸಿಗದವರು ಬಹಳ ಜನ, ಧರ್ಮಸಭೆಯ ಸದಸ್ಯರಾಗದಿದ್ದರೂ ಅವರಿಗೆ ಕ್ರಿಸ್ತನ ಕೃಪೆ ದಕ್ಕುತ್ತದೆ ಎಂದರು. ತಂದೆತಾಯಿ ಕಲಿಸಿದ ದೇವರನ್ನು ಕಣ್ಣುಮುಚ್ಚಿ ಕೈಮುಗಿದು ನೆನೆದ ಮನುಷ್ಯ ಕ್ರಿಸ್ತನಿಗೆ ಬೆನ್ನು ತಿರುಗಿಸಿದ ಎಂದು ನಾನಂತೂ ಹೇಳಲಾರೆ.

ಒಂದು ಮಾತು ಬಿಡಬಾರದು. ಎಲ್ಲ ಧರ್ಮಗಳೂ ಒಂದೇ ಎಂದು ಚರ್ಚು ಹೇಳುವುದಿಲ್ಲ. ಯಾರು ಉದ್ಧಾರವಾದರೂ ಅದು ಯೇಸುಕ್ರಿಸ್ತರಿಂದಲೇ ಎಂಬುದು ನಮ್ಮ ನಂಬಿಕೆ. 2000ದಲ್ಲಿ ರೋಮ್ ಇದನ್ನು ಮತ್ತೆ ಒತ್ತಿ ಹೇಳಿತು. ಇದೇ ನಂಬಿಕೆಯಿಂದ, ಅದಕ್ಕೂ ಬಹಳ ಹಿಂದೆಯೇ, ಕಾರ್ಲ್ ರಾನರ್ ಎಂಬ ಕ್ಯಾಥೊಲಿಕ್ ಪಂಡಿತರು ಇಂಥವರನ್ನು "ಹೆಸರಿಲ್ಲದ ಕ್ರೈಸ್ತರು" ಎಂದು ಕರೆದರು. ನನಗೆ ಆ ಹೆಸರು ಹಿಡಿಸುವುದಿಲ್ಲ. ನಿಮ್ಮ ತಂದೆಗೆ ಅವರು ಕೇಳದ ಹೆಸರನ್ನು ನಾನೇಕೆ ಅಂಟಿಸಲಿ?

2018ರಲ್ಲಿ ರೋಮಿನ ಅಂಚಿನ ಒಂದು ಚರ್ಚಿಗೆ ಪೋಪ್ ಫ್ರಾನ್ಸಿಸ್ ಹೋಗಿದ್ದರು. ಮಕ್ಕಳು ಮೈಕಿನಲ್ಲಿ ಪ್ರಶ್ನೆ ಕೇಳುತ್ತಿದ್ದರು. ಒಬ್ಬ ಪುಟ್ಟ ಹುಡುಗ ಮೈಕಿನ ಮುಂದೆ ನಿಂತು ಮಾತೇ ಹೊರಡದೆ ಅಳತೊಡಗಿದ. ಬಾ, ಕಿವಿಯಲ್ಲಿ ಹೇಳು ಎಂದು ಪೋಪ್ ಕರೆದರು. ಅಪ್ಪಿಕೊಂಡು ಕೇಳಿಸಿಕೊಂಡರು. ಅವನ ಅಪ್ಪ ತೀರಿಕೊಂಡಿದ್ದರು, ದೇವರನ್ನು ನಂಬದವರು. ಆದರೂ ನಾಲ್ಕೂ ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸಿದ್ದರು. ಅಪ್ಪ ಸ್ವರ್ಗದಲ್ಲಿದ್ದಾರಾ ಎಂಬುದು ಅವನ ಪ್ರಶ್ನೆ. ಸ್ವರ್ಗಕ್ಕೆ ಯಾರು ಎಂಬುದನ್ನು ಹೇಳುವವನು ದೇವರು ಎಂದರು ಪೋಪ್. ಆಮೇಲೆ ಅಲ್ಲಿದ್ದ ಮಕ್ಕಳನ್ನೇ ಕೇಳಿದರು, ಒಳ್ಳೆಯ ಮಕ್ಕಳನ್ನು ದೇವರು ಕೈಬಿಡುತ್ತಾನಾ ಎಂದು. ಇಲ್ಲ ಎಂದು ಮಕ್ಕಳು ಕೂಗಿದರು. ನಾನು ಆ ವಿಡಿಯೊವನ್ನು ನನ್ನ ತರಗತಿಯ ಮಕ್ಕಳಿಗೂ ತೋರಿಸಿದ್ದೇನೆ.

ಇನ್ನೊಂದು ವಿಷಯ, ನಿಮ್ಮ ಹೆಂಡತಿಗೆ ಗೊತ್ತಿರಬಹುದು. ಪಾದ್ರಿ ಯಾರಿಗಾಗಿ ಬೇಕಾದರೂ ಬಲಿಪೂಜೆ (ಚರ್ಚಿನಲ್ಲಿ ನಡೆಯುವ ಮಾಸ್) ಅರ್ಪಿಸಬಹುದು, ತೀರಿಕೊಂಡವರು ಕ್ರೈಸ್ತರೇ ಆಗಿರಬೇಕೆಂದಿಲ್ಲ. ಬಲಿಪೂಜೆಯ ಮುಖ್ಯ ಪ್ರಾರ್ಥನೆಗೆ ಹಲವು ರೂಪಗಳಿವೆ; ಅವುಗಳಲ್ಲಿ ನಾಲ್ಕನೆಯದರಲ್ಲಿ, ಯಾರ ವಿಶ್ವಾಸ ದೇವರೊಬ್ಬರಿಗೆ ಮಾತ್ರ ಗೊತ್ತೋ ಆ ಮೃತರೆಲ್ಲರನ್ನೂ ನೆನೆಯುತ್ತೇವೆ. ತಂದೆಯ ವರ್ಷದ ದಿನ ಬಂದಾಗ ಇಬ್ಬರೂ ಹೋಗಿ ಅವರ ಹೆಸರು ಕೊಟ್ಟು ಬನ್ನಿ.