ಸಾಲ ಬೆಳೆದರೆ ಹೊಗೆಯೂ ಬೆಳೆಯುತ್ತದಾ?

ಶಿರಸಿಯ ಓದುಗರೊಬ್ಬರು ಬರೆದಿದ್ದಾರೆ: "ಬ್ಯಾಂಕ್ ಸಾಲ ಹೆಚ್ಚಿದಂತೆ ಕಾರ್ಬನ್ ಹೊಗೆಯೂ ಹೆಚ್ಚುತ್ತದೆ ಎಂದು ಕಳೆದ ಸಂಚಿಕೆಯಲ್ಲಿ ಬಂದಿತ್ತು. ನಮ್ಮ ಜಿಲ್ಲೆಯಲ್ಲಿ ಕಾಳಿ ನದಿಯ ಕರೆಂಟಿದೆ, ಕೈಗಾ ಅಣುಸ್ಥಾವರ ಇದೆ. ಕಲ್ಲಿದ್ದಲು ಎಲ್ಲಿದೆ? ಸೊಸೈಟಿ ಸಾಲದಲ್ಲಿ ಫ್ರಿಜ್ ತಂದವರನ್ನು ಯಾಕೆ ದೂರುತ್ತೀರಿ? ಸೊಸೈಟಿಯವರು ಸಾಲ ಕೊಡುವುದನ್ನೇ ನಿಲ್ಲಿಸಬೇಕೇ?"

ಸಂಪಾದಕರ ಉತ್ತರ:

ಫ್ರಿಜ್ ತಂದವರನ್ನು ದೂರುವುದು ಖಂಡಿತ ತಪ್ಪು. ಭಾರತದಲ್ಲಿ ತಲೆಗೆ ವರ್ಷಕ್ಕೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್ ಬೀಳುತ್ತದೆ. ಇದು ಜಗತ್ತಿನ ಸರಾಸರಿಯ ಅರ್ಧವೂ ಅಲ್ಲ.

ಆದರೆ ಕರೆಂಟಿನ ಬಗ್ಗೆ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಕೈಗಾದಲ್ಲಿ 220 ಮೆಗಾವ್ಯಾಟ್‌ನ 4 ಘಟಕಗಳಿವೆ. ಕಾಳಿ ನದಿಯ ಕದ್ರಾ, ಕೊಡಸಳ್ಳಿ, ನಾಗಝರಿ ಜಲವಿದ್ಯುತ್ ಕೇಂದ್ರಗಳು ಬೇರೆ. ಇವೆಲ್ಲ ಸೇರುವುದು ಒಂದೇ ಗ್ರಿಡ್‌ಗೆ, ಅಂದರೆ ದೇಶದ ವಿದ್ಯುತ್ ಜಾಲಕ್ಕೆ. ಆ ಗ್ರಿಡ್‌ನ ಸುಮಾರು ಮುಕ್ಕಾಲು ಪಾಲು ವಿದ್ಯುತ್ ಕಲ್ಲಿದ್ದಲಿನದು. ಸರಾಸರಿ ತೆಗೆದರೆ ಒಂದು ಯೂನಿಟ್‌ಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್. ತದಡಿಗೆ ಕಲ್ಲಿದ್ದಲು ಸ್ಥಾವರ ಬೇಡವೆಂದು ಅಘನಾಶಿನಿ ದಂಡೆಯ ಜನ ಹೋರಾಡಿದರು, ಅದು ಬರಲಿಲ್ಲ. ಅವರ ಬಗ್ಗೆ ನನಗೆ ತುಂಬಾ ಗೌರವವಿದೆ. ಆದರೂ ರಾಯಚೂರು, ಬಳ್ಳಾರಿಯಲ್ಲಿ ಏಳುವ ಹೊಗೆಯಲ್ಲಿ ನಮ್ಮ ಪಾಲೂ ಇದೆ, ಅಲ್ವಾ?

ಸಾಲದ ವಿಷಯದಲ್ಲಿ ಅರ್ಥಶಾಸ್ತ್ರಜ್ಞರಲ್ಲೇ ಒಮ್ಮತವಿಲ್ಲ. ಬ್ರೆಜಿಲ್, ರಷ್ಯಾ, ಭಾರತ, ಚೀನಾಗಳ ಬಗ್ಗೆ 2009ರಲ್ಲಿ ಬಂದ ಒಂದು ಅಧ್ಯಯನ, ಹಣಕಾಸು ವ್ಯವಸ್ಥೆ, ಅಂದರೆ ಬ್ಯಾಂಕು, ಷೇರುಪೇಟೆ ಎಲ್ಲ ಬೆಳೆದರೆ ಹೊಗೆ ತಗ್ಗುತ್ತದೆ ಎಂದಿತು. ಮರುವರ್ಷ ಪೆರ್ರಿ ಸಡೋರ್ಸ್ಕಿ 22 ದೇಶಗಳ ಲೆಕ್ಕ ಹಿಡಿದು, ಷೇರುಪೇಟೆ ಬೆಳೆದಲ್ಲಿ ಇಂಧನ ಬಳಕೆಯೂ ಏರಿದ್ದನ್ನು ತೋರಿಸಿದರು. ಎರಡೂ ನಿಜ ಇರಬಹುದು. ಸಾಲ ಎಷ್ಟು ಕೊಟ್ಟರು ಎನ್ನುವುದಕ್ಕಿಂತ ಯಾವುದಕ್ಕೆ ಕೊಟ್ಟರು ಎನ್ನುವುದು ಮುಖ್ಯ.

ಕಾರವಾರದ ಬೋಟುಗಳನ್ನೇ ನೋಡಿ. ದೊಡ್ಡ ಇಂಜಿನ್‌ಗೆ ಸಾಲ ಸಿಕ್ಕರೆ ಬೋಟು ಇನ್ನೂ ದೂರ ಹೋಗುತ್ತದೆ, ಡೀಸೆಲ್ ಜಾಸ್ತಿ ಕುಡಿಯುತ್ತದೆ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್. ಆಮೇಲೆ ಕಂತು ಶುರು. ಮೀನು ಕಡಿಮೆ ಎಂದು ಬೋಟನ್ನು ಸುಮ್ನೆ ದಡದಲ್ಲಿ ನಿಲ್ಲಿಸುವ ಹಾಗಿಲ್ಲ. ಸಾಲ ತೀರಿಸುವುದಕ್ಕಾದರೂ ಕಡಲಿಗೆ ಇಳಿಯಲೇಬೇಕು. ಮೀನು ಸಿಗದ ದಿನವೂ ಡೀಸೆಲ್ ಉರಿಯುತ್ತದೆ. ಇದು ಮೀನುಗಾರರ ತಪ್ಪಲ್ಲ. ಇಂಜಿನ್‌ಗೆ ಸುಲಭವಾಗಿ ಸಾಲ ಕೊಡುವವರು, ಹಿಡಿದ ಮೀನು ಕೆಡದಂತೆ ಇಡುವ ಶೀತಲಗೃಹಕ್ಕೂ ಅಷ್ಟೇ ಸುಲಭವಾಗಿ ಕೊಡಲಿ ಎಂದು ನನ್ನ ಆಸೆ.

ಇದೇ ಸಾಲ ಬೇರೆ ಕೆಲಸವನ್ನೂ ಮಾಡಿದೆ. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳ ಜೊತೆ ಸೇರಿ ಕರ್ನಾಟಕ, ಕೇರಳದಲ್ಲಿ ಸೋಲಾರ್ ಸಾಲ ಶುರು ಮಾಡಿತು. ಸಾಮಾನ್ಯರಿಗೆ ಕಟ್ಟಲು ಆಗುವ ಮಟ್ಟಕ್ಕೆ ಬಡ್ಡಿ ಇಳಿಸಿದರು. ನಾಲ್ಕೇ ವರ್ಷದಲ್ಲಿ ಹತ್ತಿರಹತ್ತಿರ 20,000 ಮನೆಗಳಿಗೆ ಸೋಲಾರ್ ದೀಪ ಬಂತು.

ಹಾಗಾಗಿ ಸೊಸೈಟಿ ಸಾಲ ನಿಲ್ಲಿಸುವುದು ಬೇಡ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಚಾವಣಿ ಸೋಲಾರ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ. ಮಳೆಗಾಲದಲ್ಲಿ ಶಿರಸಿಯಲ್ಲಿ ಉತ್ಪಾದನೆ ಕುಸಿಯುತ್ತದೆ, ಅದು ಲೆಕ್ಕದಲ್ಲಿರಲಿ. ಗೃಹಜ್ಯೋತಿಯಲ್ಲಿ ಬಿಲ್ಲೇ ಬಾರದ ಮನೆಗೆ ಇದರ ಉಮೇದು ಕಡಿಮೆ. ಹೆಚ್ಚು ಬಿಲ್ ಕಟ್ಟುವ ಮನೆಗಳಿಂದ ಶುರು ಮಾಡಬಹುದು. ಸಬ್ಸಿಡಿ ಖಾತೆಗೆ ಬರುವುದು ಪ್ಯಾನೆಲ್ ಕೂರಿಸಿದ ಮೇಲೆ. ಅಲ್ಲಿಯವರೆಗಿನ ದುಡ್ಡಿಗೆ ಕಡಿಮೆ ಬಡ್ಡಿಯ ಸಾಲ ಕೊಡುತ್ತೀರಾ ಎಂದು ನಿಮ್ಮ ಸೊಸೈಟಿಯ ವಾರ್ಷಿಕ ಮಹಾಸಭೆಯಲ್ಲಿ ಕೇಳಿ. ಅವರು ಏನೆಂದರು ಎಂದು ಬರೆದು ತಿಳಿಸಿ, ಪ್ರಕಟಿಸುತ್ತೇವೆ.