ಹೊರಗೆ ಅಜಾನ್ ಕೇಳಿಸಲ್ಲ, ಹಾಗಾದ್ರೆ ರಂಜಾನ್ ಹೇಗೆ?

ವಅಲೈಕುಂ ಅಸ್ಸಲಾಮ್ ತಂಗಿ. ಪರದೇಶಕ್ಕೆ ಬಂದು ಆರು ತಿಂಗಳು, ಇದು ಮೊದಲ ರಂಜಾನ್, ಒಂಬತ್ತು ವರ್ಷದ ಮಗಳು ಈ ಸಲ ಮೂವತ್ತೂ ರೋಜಾ ಇಡುತ್ತೇನೆ ಅಂತ ಹಟ ಹಿಡಿದಿದ್ದಾಳೆ, ಆರು ವರ್ಷದವನಿಗೆ ಏನು ನಡೆಯುತ್ತಿದೆ ಅಂತಲೇ ಗೊತ್ತಿಲ್ಲ, ಅಜಾನ್ ಇಲ್ಲ, ನೆಂಟರಿಲ್ಲ, ಮನೆಗೆ ಹಬ್ಬದ ಕಳೆ ಎಲ್ಲಿಂದ ತರೋದು ಅಂತ ಕೇಳಿದ್ದೀರಿ. ನಾನು ಈ ಉತ್ತರದ ದೇಶಕ್ಕೆ ಬಂದು ಹನ್ನೊಂದು ವರ್ಷ ಆಯ್ತು. ನನ್ನ ಅನುಭವದಲ್ಲಿ ಹೇಳುವುದಾದರೆ, ಮಕ್ಕಳಿಗೆ ಉಪವಾಸಕ್ಕಿಂತ ಮೊದಲು ಒಂದು ಕೆಲಸ ಕೊಡಿ. ಕಳೆ ತಾನಾಗಿ ಬರುತ್ತದೆ.

ಮೊದಲು ಮಗಳ ವಿಷಯ. ಪ್ರಾಯಕ್ಕೆ ಬರುವ ತನಕ ಮಕ್ಕಳಿಗೆ ರೋಜಾ ಕಡ್ಡಾಯ ಅಲ್ಲ, ಇದು ನಿಮಗೂ ಗೊತ್ತು. ಆದರೆ ಫೋನಿನಲ್ಲಿ ಅಜ್ಜಿ "ಎಷ್ಟು ಇಟ್ಟೆ" ಅಂತ ದಿನಾ ಕೇಳಿದರೆ ಮಗುವಿಗೆ ಅದು ಕಡ್ಡಾಯವೇ ಆಗಿಬಿಡುತ್ತದೆ. ನಮ್ಮಲ್ಲಿ ಆಗಿದ್ದು ಹಾಗೇ. 2019ರಲ್ಲಿ ರಂಜಾನ್ ಮೇ ತಿಂಗಳಲ್ಲಿ ಬಂತು, ಇಲ್ಲಿ ಹದಿನೇಳು ಗಂಟೆಗೂ ಜಾಸ್ತಿ ಹೊತ್ತಿನ ಉಪವಾಸ. ಎಂಟು ವರ್ಷದ ಮಗನಿಗೆ ಶಾಲೆ ಇರುವ ದಿನ ಬೇಡ ಅಂದಿದ್ದೆ. ಅವನು ತಲೆ ಆಡಿಸಿ, ಊಟದ ಡಬ್ಬಿ ತಗೊಂಡು ಹೋಗಿ, ಮುಟ್ಟದೆ ಕೂತಿದ್ದಾನೆ. ಎರಡು ದಿನ ಸಂಜೆ ನನಗೆ ಕಾಣದ ಹಾಗೆ ಡಬ್ಬಿ ಕಸಕ್ಕೆ ಸುರಿದಿದ್ದಾನೆ. ಮೂರನೇ ದಿನ ಆಟದ ಪೀರಿಯಡ್‌ನಲ್ಲಿ ತಲೆ ತಿರುಗಿ ಕೂತ, ಟೀಚರ್ ಫೋನ್ ಬಂತು. ಬೈಯಲಿಲ್ಲ. "ಮನೆಯಲ್ಲಿ ಎಲ್ಲ ಸರಿ ಇದೆಯಾ" ಅಂತ ಮೆತ್ತಗೆ ಕೇಳಿದರು, ಅಷ್ಟೇ. ಆ ಮೆತ್ತಗಿನ ಪ್ರಶ್ನೆಗೇ ನನ್ನ ಕೈಕಾಲು ತಣ್ಣಗಾಯ್ತು. ತಪ್ಪು ನನ್ನದೇ, ರಂಜಾನ್ ಶುರುವಾಯ್ತು ಅಂತ ಶಾಲೆಗೆ ಒಂದು ಮಾತು ತಿಳಿಸಿರಲಿಲ್ಲ.

ಹಾಗಾಗಿ ನೀವು ಮೊದಲೇ ಎರಡು ಸಾಲು ಬರೆದು ಕಳಿಸಿ. ಯಾವತ್ತಿಂದ ಯಾವತ್ತಿನ ತನಕ, ಮಗಳು ಯಾವ ದಿನ ಇಡುತ್ತಾಳೆ, ಸುಸ್ತಾದರೆ ನೀರು ಕೊಡಿ, ಯಾರೂ ತಪ್ಪು ತಿಳಿಯಲ್ಲ, ಇಷ್ಟು ಸಾಕು. ಮಗಳಿಗೂ ರಜೆಯ ದಿನ ಮಾತ್ರ ಪೂರ್ತಿ ಅಂತ ಒಪ್ಪಿಸಿ. ಉಳಿದ ದಿನ ಅರ್ಧ ರೋಜಾ. ಶರೀಅತ್ತಿನಲ್ಲಿ ಅರ್ಧ ರೋಜಾ ಅಂತ ಏನೂ ಇಲ್ಲ, ಅದು ಬರೀ ಅಭ್ಯಾಸ, ಆದರೂ ಮಕ್ಕಳ ಮುಖ ಅರಳುವುದಕ್ಕೆ ಸಾಕು. ಪ್ರವಾದಿಯವರ ಕಾಲದ ಮದೀನಾದ ಮಹಿಳೆ ರುಬಯ್ಯಿ ಬಿಂತ್ ಮುಅವ್ವಿದ್ ಹೇಳಿದ ಹದೀಸ್ ಇದೆಯಲ್ವಾ, ಆಶೂರಾ (ಮುಹರ್ರಂ ಹತ್ತನೇ) ದಿನ ಮಕ್ಕಳಿಗೂ ಉಪವಾಸ ಹಿಡಿಸುತ್ತಿದ್ದರು, ಹಸಿವಿಗೆ ಅತ್ತರೆ ಉಣ್ಣೆಯಲ್ಲಿ ಮಾಡಿದ ಆಟಿಕೆ ಕೊಟ್ಟು ಇಫ್ತಾರ್ ತನಕ ಸಮಾಧಾನ ಮಾಡುತ್ತಿದ್ದರು ಅಂತ. ನನಗೆ ಅದರಲ್ಲಿ ಇಷ್ಟವಾಗುವುದು ಆ ಆಟಿಕೆ. ಹಸಿವು ತಡೆದುಕೋ ಅಂತ ಹೇಳುವ ಬದಲು ಕೈಗೆ ಏನೋ ಕೊಟ್ಟಿದ್ದಾರೆ.

ಈಗ ಚಿಕ್ಕವನು. ಅವನನ್ನು ಮನೆಯ ಮುಅಜ್ಜಿನ್ ಮಾಡಿ, ಅಂದರೆ ಅಜಾನ್ ಕೂಗುವವನು. ನಮ್ಮ ಮನೆಯಲ್ಲಿ ಮಗಳು ಐದು ವರ್ಷದಿಂದ ಈ ಹುದ್ದೆಯಲ್ಲಿದ್ದಾಳೆ. ಮಸೀದಿಯ ವೇಳಾಪಟ್ಟಿ ಫ್ರಿಜ್ ಮೇಲೆ, ಇವತ್ತಿನ ಸಾಲಿಗೆ ಪೆನ್ಸಿಲ್ ಗೆರೆ ಎಳೆಯೋದು ಅವಳೇ. ಮಗ್ರಿಬ್‌ಗೆ (ಸೂರ್ಯಾಸ್ತದ ನಮಾಜಿನ ಹೊತ್ತಿಗೆ) ಹತ್ತು ನಿಮಿಷ ಇದ್ದಾಗ ಕಿಟಕಿ ಹತ್ತಿರ ಕುರ್ಚಿ ಎಳೆದು ಹತ್ತುತ್ತಾಳೆ, ಒಂದು ಕೈಯಲ್ಲಿ ನನ್ನ ಫೋನು, ಇನ್ನೊಂದರಲ್ಲಿ ಅವಳ ಖರ್ಜೂರ, ಮುಷ್ಟಿ ಬಿಗಿ ಹಿಡಿದು ಹಿಡಿದು ಅದು ಮೆತ್ತಗಾಗಿ ಬೆರಳಿಗೆಲ್ಲ ಅಂಟಿರುತ್ತದೆ. ಸಮಯ ಬದಲಾದ ಕೂಡಲೇ ಕೂಗುತ್ತಾಳೆ. ಅಜಾನಿನ ಸಾಲು ಹಿಂದೆ ಮುಂದೆ ಆಗುತ್ತದೆ, ಯಾರೂ ತಿದ್ದಲ್ಲ. ಅವಳು ಕೂಗುವ ತನಕ ಅವಳಪ್ಪನೂ ನೀರು ಮುಟ್ಟುವ ಹಾಗಿಲ್ಲ. ಆ ಅಧಿಕಾರ ಇದೆ ನೋಡಿ, ಮಕ್ಕಳಿಗೆ ಅದಕ್ಕಿಂತ ದೊಡ್ಡ ಹಬ್ಬ ಇಲ್ಲ.

ವೇಳಾಪಟ್ಟಿ ಅಂದೆನಲ್ಲ, ಅಲ್ಲೊಂದು ತಲೆನೋವಿದೆ. ಎರಡು ಮಸೀದಿಯ ಪಟ್ಟಿ ನೋಡಿದರೆ ಸಹರಿ (ಬೆಳಗಿನ ಜಾವದ ಊಟ) ಮುಗಿಯುವ ಹೊತ್ತು ಅರ್ಧ ಗಂಟೆ, ಕೆಲವೊಮ್ಮೆ ಜಾಸ್ತಿನೇ ವ್ಯತ್ಯಾಸ ಇರುತ್ತದೆ. ಯಾರದೂ ತಪ್ಪಲ್ಲ. ಸೂರ್ಯ ದಿಗಂತದಿಂದ 18 ಡಿಗ್ರಿ ಕೆಳಗಿದ್ದಾಗ ಫಜ್ರ್ (ಉಪವಾಸ ಶುರುವಾಗುವ ಮುಂಜಾವು) ಅಂತ ಕೆಲವರು, 15 ಅಥವಾ 12 ಅಂತ ಇನ್ನು ಕೆಲವರು ಲೆಕ್ಕ ಹಾಕುತ್ತಾರೆ. ಇಷ್ಟು ಉತ್ತರದಲ್ಲಿ ಜೂನ್ ರಾತ್ರಿ ಸೂರ್ಯ 18 ಡಿಗ್ರಿ ಇಳಿಯುವುದೇ ಇಲ್ಲ, ಆಗ ಬೇರೆ ಲೆಕ್ಕ ಬೇಕೇ ಬೇಕು. ನೀವು ಒಂದು ಮಸೀದಿಯ ಪಟ್ಟಿ ಹಿಡಿದು ತಿಂಗಳು ಪೂರ್ತಿ ಅದರಲ್ಲೇ ಇರಿ. ದಿನಕ್ಕೊಂದು ಆ್ಯಪ್ ನೋಡಬೇಡಿ, ತಲೆ ಕೆಡುತ್ತದೆ.

ಒಂದು ಸಮಾಧಾನ ಏನಂದರೆ ನೀವು ಒಳ್ಳೆ ಸಮಯಕ್ಕೆ ಬಂದಿದ್ದೀರಿ. ರಂಜಾನ್ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದಲ್ಲ, ನಾನು ಬಂದ 2015ರಲ್ಲಿ ಅದು ಜೂನ್ ಬಿಸಿಲಲ್ಲಿತ್ತು, ಈಗ ಚಳಿಗಾಲದ ಕಡೆ ಹೋಗುತ್ತಿದೆ. 2030ರಲ್ಲಿ ಜನವರಿಯಲ್ಲೊಮ್ಮೆ, ಡಿಸೆಂಬರ್ ಕೊನೆಯಲ್ಲೊಮ್ಮೆ, ಎರಡು ಸಲ ಶುರುವಾಗುತ್ತದೆ. ಆ ಹೊತ್ತಿಗೆ ನಿಮ್ಮ ಮಗಳು ಪೂರ್ತಿ ಇಡುವ ವಯಸ್ಸಿನವಳು, ಶಾಲೆಯಿಂದ ಬರುವಷ್ಟರಲ್ಲಿ ಇಫ್ತಾರ್ ಆಗಿರುತ್ತದೆ.

ತರಾವೀಹ್‌ಗೆ (ರಂಜಾನ್ ರಾತ್ರಿಯ ವಿಶೇಷ ನಮಾಜಿಗೆ) ಮಕ್ಕಳನ್ನು ದಿನಾ ಎಳೆದುಕೊಂಡು ಹೋಗಬೇಡಿ. ವಾರಾಂತ್ಯದಲ್ಲಿ ಸಾಕು, ಉಳಿದ ದಿನ ಮನೆಯಲ್ಲೇ ನಾಲ್ಕು ಜನ ಸಾಲಾಗಿ ನಿಲ್ಲಿ. ಈದ್‌ಗೆ ಇಲ್ಲಿ ರಜೆ ಇಲ್ಲ, ಚಂದ್ರನ ಸುದ್ದಿ ಹಿಂದಿನ ರಾತ್ರಿ ತನಕ ಗೊತ್ತಾಗಲ್ಲ, ಆದ್ದರಿಂದ ಆಫೀಸಿನಲ್ಲಿ ಎರಡು ದಿನದ ರಜೆ ಮೊದಲೇ ಕೇಳಿಟ್ಟುಕೊಳ್ಳಿ. ಅಕ್ಕಪಕ್ಕದ ಮನೆಯವರು ಬೇರೆ ಬೇರೆ ದಿನ ಈದ್ ಮಾಡುವುದನ್ನೂ ನೋಡುತ್ತೀರಿ, ಮಕ್ಕಳ ಮುಂದೆ ಆ ವಾದ ಬೇಡ.

ಇನ್ನೊಂದು ಹೇಳಬೇಕು. ಫಿತ್ರಾ (ಈದ್ ನಮಾಜಿಗೆ ಮೊದಲು ಬಡವರಿಗೆ ಕೊಡುವ ದಾನ) ಮನೆಯ ಪ್ರತಿಯೊಬ್ಬರ ಹೆಸರಲ್ಲೂ ಕೊಡಬೇಕಲ್ಲ, ರೋಜಾ ಇಡದ ಕೂಸಿನ ಹೆಸರಲ್ಲೂ. ಅದನ್ನು ಆನ್‌ಲೈನಲ್ಲಿ ಒಟ್ಟಿಗೆ ಕಟ್ಟಿ ಮುಗಿಸಬೇಡಿ. ಈದ್ ನಮಾಜಿಗೆ ಎರಡು ದಿನ ಮೊದಲು ನಾಲ್ಕು ಲಕೋಟೆ ಮಾಡಿ, ಒಂದೊಂದರ ಮೇಲೆ ಒಂದೊಂದು ಹೆಸರು ಬರೆಸಿ, ಚಿಕ್ಕವನ ಲಕೋಟೆ ಅವನ ಕೈಯಿಂದಲೇ ಮಸೀದಿಯ ಡಬ್ಬಿಗೆ ಹಾಕಿಸಿ. ನನ್ನ ಮಗಳು ಮೊದಲ ಸಲ ಹಾಕಿ ಬಂದವಳು ಕಾರಿನಲ್ಲಿ ಕೇಳಿದ್ದು ಒಂದೇ, "ನನ್ನದೂ ಲೆಕ್ಕಕ್ಕೆ ಬಂತಾ?"