ಪ್ರತಿಕ್ರಿಯೆ: ಬ್ರೈಟನ್‌ಗೆ ಜರ್ಮನ್ ಸೇನೆ ಇಳಿದರೆ ಓದುಗರು ಯಾಕೆ ನಂಬುತ್ತಿಲ್ಲ?

1940ರಲ್ಲಿ ಜರ್ಮನ್ನರು ಇಂಗ್ಲೆಂಡಿನ ದಕ್ಷಿಣ ತೀರದ ಊರು ಬ್ರೈಟನ್‌ನಲ್ಲಿ ಇಳಿಯುವ ನಿಮ್ಮ ಕಥೆಯನ್ನು ಓದುಗರು ನಂಬದಿರಲು ಕಾರಣ ಬಹುಶಃ ಕಡಲತೀರವೇ. ನೀವು ಅಲ್ಲಿ ಮೆತ್ತನೆ ಮರಳು, ರಜೆಗೆ ಬಂದ ಜನ ಇಟ್ಟಿದ್ದೀರಿ. ಅದು ಉರುಟು ಕಲ್ಲುಗಳ ತೀರ. ಆ ಬೇಸಿಗೆಯಲ್ಲೇ ಅದನ್ನು ಮುಚ್ಚಿ, ಮುಳ್ಳುತಂತಿ ಎಳೆದು, ನೆಲಬಾಂಬ್ ಹೂತಿದ್ದರು. ಶತ್ರು ಹತ್ತಿ ಬರದಿರಲಿ ಅಂತ ಅಲ್ಲಿನ ಎರಡೂ ಪಿಯರ್‌ಗಳ (ಕಡಲೊಳಗೆ ಚಾಚಿದ ಕಟ್ಟೆಗಳ) ಒಂದೊಂದು ಭಾಗವನ್ನೇ ಕಿತ್ತುಹಾಕಿದ್ದರು.

ಮೊದಲು ನಿಮ್ಮ ಕಥೆಯಲ್ಲಿ ಇತಿಹಾಸ ನಿಜದಿಂದ ಎಲ್ಲಿ ಬೇರೆ ದಾರಿ ಹಿಡಿಯಿತು ಅನ್ನೋದನ್ನು ಗಟ್ಟಿ ಮಾಡಿಕೊಳ್ಳಿ. ಬ್ರಿಟನ್ನಿನ ವಾಯುಪಡೆ, ನೌಕಾಪಡೆ ಸೋಲದೆ ಜರ್ಮನ್ನರ ನದಿ ಸರಕುದೋಣಿಗಳು ಇಂಗ್ಲಿಷ್ ಕಡಲ್ಗಾಲುವೆ ದಾಟೋದು ಕಷ್ಟ. ಆಮೇಲೆ ಟ್ಯಾಂಕ್ ದೃಶ್ಯ ತಿದ್ದಿ. 1942ರಲ್ಲಿ ಎದುರು ದಡದ ಫ್ರಾನ್ಸಿನ ಡಿಯೆಪ್‌ ಮೇಲೆ ಮಿತ್ರಪಡೆಗಳು ದಾಳಿ ಮಾಡಿದಾಗ ಇಂಥದ್ದೇ ಕಲ್ಲುಗಳು ಚೈನಿಗೆ ಸಿಕ್ಕಿಕೊಂಡು ಅವರ ಹಲವು ಟ್ಯಾಂಕುಗಳು ಅಲ್ಲೇ ನಿಂತುಬಿಟ್ಟವು. ಹೋಟೆಲ್ ಅಧ್ಯಾಯ ತುಂಬಾ ಚೆನ್ನಾಗಿದೆ, ಅದನ್ನು ಮುಟ್ಟಬೇಡಿ.